ಟ್ರ್ಯಾಕ್ಟರ್‌ಗೆ ಟ್ರೇಲರ್ ಜೋಡಣೆ: ಕೊಂಡಿ, ದೀಪ ಮತ್ತು ಹೊಣೆಗಾರಿಕೆ

ತುಂಗಭದ್ರಾ ಕಾಲುವೆಗಳ ನೀರನ್ನು ಆಶ್ರಯಿಸಿರುವ ಕುರುಗೋಡು, ಸಿರುಗುಪ್ಪ ಮತ್ತು ಬಳ್ಳಾರಿ ಪ್ರದೇಶದಲ್ಲಿ ಕೃಷಿ ಉತ್ಪನ್ನದ ವ್ಯಾಪಾರವು ಬಹುಮಟ್ಟಿಗೆ ಟ್ರ್ಯಾಕ್ಟರ್-ಟ್ರೇಲರ್‌ಗಳ ಮೇಲೆ ನಿಂತಿದೆ. ಗದ್ದೆಯಿಂದ ಗಿರಣಿಗೆ ಭತ್ತ, ಕಣದಿಂದ ಗೋದಾಮಿಗೆ ಮೆಣಸಿನಕಾಯಿ, ಹೊಲದಿಂದ ಮಾರುಕಟ್ಟೆಗೆ ಹತ್ತಿ, ಅಂಗಡಿಯಿಂದ ಹಳ್ಳಿಗೆ ಗೊಬ್ಬರ ಮತ್ತು ಸಿಮೆಂಟ್, ಇವೆಲ್ಲವೂ ಸಾಗುವುದು ಇದೇ ವಾಹನದಲ್ಲಿ. ಸುಗ್ಗಿಯ ದಿನಗಳಲ್ಲಿ ಇವುಗಳ ಸಂಚಾರ ಹಗಲಿಗೆ ಮುಗಿಯುವುದಿಲ್ಲ. ರಾತ್ರಿಯ ವೇಳೆ ಹಿಂದೀಪವಿಲ್ಲದೆ ಸಾಗುವ ಅಥವಾ ರಸ್ತೆಯಂಚಿನಲ್ಲಿ ನಿಂತಿರುವ ಟ್ರೇಲರ್‌ಗೆ ಹಿಂದಿನಿಂದ ಬಂದ ದ್ವಿಚಕ್ರ ವಾಹನ ಡಿಕ್ಕಿ ಹೊಡೆಯುವ ಅಪಘಾತವು ಈ ಭಾಗದ ಓದುಗರಿಗೆ ಹೊಸ ಸುದ್ದಿಯಲ್ಲ.

ಇಂತಹ ಅಪಘಾತಗಳ ಮೂಲವನ್ನು ಹುಡುಕಿದರೆ ಅನೇಕ ವೇಳೆ ಅದು ಟ್ರ್ಯಾಕ್ಟರ್‌ನಲ್ಲಿಯೂ ಇರುವುದಿಲ್ಲ, ಟ್ರೇಲರ್‌ನಲ್ಲಿಯೂ ಇರುವುದಿಲ್ಲ. ಎರಡರ ನಡುವಿನ ಜೋಡಣೆಯಲ್ಲಿರುತ್ತದೆ. ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ಸಿದ್ಧವಾಗಿ, ಪರೀಕ್ಷೆಗೊಳಗಾಗಿ ಬರುತ್ತದೆ. ಟ್ರೇಲರ್ ಹೆಚ್ಚಾಗಿ ಸ್ಥಳೀಯ ವರ್ಕ್‌ಶಾಪ್‌ನಲ್ಲಿ ತಯಾರಾಗುತ್ತದೆ. ಇವೆರಡನ್ನೂ ಕೂಡಿಸುವ ಪಿನ್ನು, ತಂತಿ ಮತ್ತು ಕಾಗದಪತ್ರ ಮಾತ್ರ ಯಾರ ಹೊಣೆಯೂ ಆಗದೆ ಉಳಿಯುತ್ತವೆ. ಈ ಮೂರೂ ಹೇಗಿರಬೇಕು ಎಂಬುದನ್ನು ಟ್ರೇಲರ್ ತಯಾರಿಸುವ ಸಣ್ಣ ಉದ್ಯಮಿಗಳ ಹಾಗೂ ಅದನ್ನು ಬಾಡಿಗೆಗೆ ಪಡೆಯುವ ವರ್ತಕರ ಅನುಕೂಲಕ್ಕಾಗಿ ಇಲ್ಲಿ ವಿವರಿಸಲಾಗಿದೆ.

ಕೊಂಡಿಯ ಮೇಲೆ ಬೀಳುವ ಭಾರ

ಜೋಡಣೆಯ ಪಿನ್ನು ಕೇವಲ ಎಳೆಯುವ ಶಕ್ತಿಯನ್ನು ತಡೆಯುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಬ್ರೇಕ್ ಹಾಕಿದಾಗ ಅದು ತಳ್ಳುವ ಶಕ್ತಿಯನ್ನೂ ತಡೆಯಬೇಕಾಗುತ್ತದೆ. ಉದಾಹರಣೆಗೆ, ತಲಾ 75 ಕಿಲೋಗ್ರಾಂ ತೂಕದ 60 ಚೀಲ ಭತ್ತವನ್ನು ಹೇರಿದ ಟ್ರೇಲರ್‌ನಲ್ಲಿ 4,500 ಕಿಲೋಗ್ರಾಂ ಸರಕಿರುತ್ತದೆ. ಟ್ರೇಲರ್‌ನ ಸ್ವಂತ ತೂಕ 1,500 ಕಿಲೋಗ್ರಾಂ ಎಂದಿಟ್ಟುಕೊಂಡರೆ ಒಟ್ಟು 6 ಟನ್ ಆಗುತ್ತದೆ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವ ಇಂತಹ ವಾಹನವನ್ನು 10 ಮೀಟರ್ ಅಂತರದಲ್ಲಿ ನಿಲ್ಲಿಸಬೇಕಾಗಿ ಬಂದು, ಟ್ರೇಲರ್‌ಗೆ ಸ್ವಂತ ಬ್ರೇಕ್ ಇಲ್ಲದಿದ್ದಲ್ಲಿ, ಪಿನ್ನಿನ ಮೇಲೆ ಸುಮಾರು ಒಂದೂವರೆ ಟನ್ ತೂಕಕ್ಕೆ ಸಮನಾದ ಒತ್ತಡ ಬೀಳುತ್ತದೆ. ರಂಧ್ರ ಸವೆದು ಪಿನ್ನು ಸಡಿಲವಾಗಿದ್ದರೆ ಇದೇ ಒತ್ತಡವು ಸುತ್ತಿಗೆಯ ಏಟಿನಂತೆ ಎರಗುತ್ತದೆ.

ಸವೆತದ ಪರಿಣಾಮವನ್ನು ಸಣ್ಣ ಲೆಕ್ಕದಿಂದ ತಿಳಿಯಬಹುದು. 25 ಮಿಲಿಮೀಟರ್ ವ್ಯಾಸದ ಪಿನ್ನು ಸವೆದು 20 ಮಿಲಿಮೀಟರ್‌ಗೆ ಇಳಿದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಅಲ್ಪ. ಆದರೆ ಕತ್ತರಿಸುವಿಕೆಯನ್ನು ತಡೆಯುವ ಅಡ್ಡ ವಿಸ್ತೀರ್ಣದಲ್ಲಿ ಶೇ 36ರಷ್ಟು ಕಡಿಮೆಯಾಗಿರುತ್ತದೆ. ಬಾಗುವಿಕೆಯನ್ನು ತಡೆಯುವ ಶಕ್ತಿಯಂತೂ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಪಿನ್ನು ಕಳೆದುಹೋದಾಗ ಕಟ್ಟಡದ ಕಬ್ಬಿಣದ ಸರಳಿನ ತುಂಡನ್ನು ತೂರಿಸುವ ಪದ್ಧತಿ ಅಪಾಯಕಾರಿಯಾದುದು. ಅಂತಹ ಸರಳು ರಂಧ್ರದ ಅಳತೆಗೆ ಕೂಡುವುದಿಲ್ಲ, ಅದಕ್ಕೆ ತಲೆಯಿರುವುದಿಲ್ಲ, ಕೆಳತುದಿಯಲ್ಲಿ ಬೀಗದ ಕ್ಲಿಪ್ ಹಾಕಲು ತೂತೂ ಇರುವುದಿಲ್ಲ. ಹೊಂಡದಲ್ಲಿ ಒಮ್ಮೆ ಕುಲುಕಿದರೆ ಅದು ಮೇಲಕ್ಕೆ ಜಿಗಿದು ಹೊರಬರಬಹುದು.

ಆದ್ದರಿಂದ ಪಿನ್ನನ್ನು ರಂಧ್ರದ ಅಳತೆಗೆ ಸರಿಯಾಗಿ ಲೇತ್‌ನಲ್ಲಿ ತಿರುಗಿಸಿ, ಯೋಗ್ಯ ದರ್ಜೆಯ ಉಕ್ಕಿನಿಂದಲೇ ಮಾಡಿಸತಕ್ಕದ್ದು. ಬೀಗದ ಕ್ಲಿಪ್ಪನ್ನು ಸಣ್ಣ ಸರಪಳಿಯಿಂದ ಟ್ರ್ಯಾಕ್ಟರ್‌ಗೆ ಕಟ್ಟಿಟ್ಟರೆ ಅದು ಕಳೆದುಹೋಗುವುದಿಲ್ಲ. ಇದಲ್ಲದೆ ಟ್ರೇಲರ್‌ನ ಮೂಕಿಯಿಂದ ಟ್ರ್ಯಾಕ್ಟರ್‌ನ ಗಟ್ಟಿ ಭಾಗಕ್ಕೆ ಎರಡು ಸುರಕ್ಷಾ ಸರಪಳಿಗಳನ್ನು ಮೂಕಿಯ ಕೆಳಗೆ ಒಂದನ್ನೊಂದು ದಾಟುವಂತೆ ಹಾಕಬೇಕು. ಪಿನ್ನು ಮುರಿದರೂ ಮೂಕಿ ನೆಲಕ್ಕೆ ಕುಸಿಯದೆ ಸರಪಳಿಗಳ ತೊಟ್ಟಿಲಿನಲ್ಲಿ ನಿಲ್ಲುತ್ತದೆ. ಟ್ರೇಲರ್ ರಸ್ತೆಯಿಂದಾಚೆಗೆ ಓಡಿಹೋಗುವುದಿಲ್ಲ.

ಎಲ್ಲಿಂದ ಎಳೆಯಬೇಕು

ಟ್ರ್ಯಾಕ್ಟರ್ ತಯಾರಕರು ಟ್ರೇಲರ್ ಎಳೆಯಲೆಂದೇ ಕೊಂಡಿಯ ಸ್ಥಾನವನ್ನು ಗೊತ್ತುಪಡಿಸಿರುತ್ತಾರೆ. ಆ ಸ್ಥಾನವು ಹಿಂದಿನ ಅಚ್ಚಿನ ಮಟ್ಟಕ್ಕಿಂತ ಕೆಳಗಿರುವುದಕ್ಕೆ ಕಾರಣವಿದೆ. ಎಳೆಯುವ ಬಿಂದು ಮೇಲೇರಿದಂತೆ, ಏರಿನಲ್ಲಿ ಅಥವಾ ಕೆಸರಿನಲ್ಲಿ ಭಾರ ಎಳೆಯುವಾಗ ಟ್ರ್ಯಾಕ್ಟರ್‌ನ ಮುಂಗಾಲಿಗಳು ನೆಲ ಬಿಟ್ಟು ಮೇಲೇಳುತ್ತವೆ. ವಾಹನ ಹಿಮ್ಮುಖವಾಗಿ ಚಾಲಕನ ಮೇಲೆಯೇ ಮಗುಚುವ ಸಂಭವವಿರುತ್ತದೆ. ನೇಗಿಲು, ಕುಂಟೆಗಳಿಗಾಗಿ ಇರುವ ಮೂರು ಬಿಂದುಗಳ ಲಿಂಕೇಜ್‌ನ ಮೇಲಿನ ತೋಳಿಗೆ ಟ್ರೇಲರ್ ಕಟ್ಟಬಾರದೆಂಬ ನಿಯಮ ಇದರಿಂದಲೇ ಬಂದುದು. ಕೊಂಡಿಯ ಪಟ್ಟಿಯನ್ನು ಬೆಸುಗೆ ಹಾಕಿ ಎತ್ತರಿಸುವುದೂ ಅಷ್ಟೇ ತಪ್ಪು.

ಎರಡು ಚಕ್ರಗಳ ಒಂದೇ ಅಚ್ಚಿನ ಟ್ರೇಲರ್‌ನಲ್ಲಿ ಸರಕಿನ ಒಂದು ಪಾಲು ಕೊಂಡಿಯ ಮೇಲೆ ಬೀಳುತ್ತದೆ. ಎತ್ತಿನ ಬಂಡಿ ಹೂಡಿದವರಿಗೆ ಮುಂಭಾರ, ಹಿಂಭಾರ ಎಂಬ ಮಾತುಗಳು ಚೆನ್ನಾಗಿ ಗೊತ್ತು. ಮುಂಭಾರವಾದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳು ಬಿಗಿಯುತ್ತದೆ. ಟ್ರ್ಯಾಕ್ಟರ್‌ಗೂ ಇದೇ ನ್ಯಾಯ. ಮುಂಭಾರ ಮಿತಿಮೀರಿದರೆ ಮುಂಗಾಲಿಗಳು ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. ಹಿಂಭಾರವಾದರೆ ಮೂಕಿಯು ಕೊಂಡಿಯನ್ನು ಮೇಲೆತ್ತಿ, ಟ್ರ್ಯಾಕ್ಟರ್‌ನ ಹಿಂಗಾಲಿಗಳು ರಸ್ತೆಯ ಮೇಲಿನ ಹಿಡಿತವನ್ನೇ ಕಳೆದುಕೊಳ್ಳುತ್ತವೆ. ಆದುದರಿಂದ ಚೀಲ ಹೇರುವ ಹಮಾಲರಿಗೆ ಅಚ್ಚಿನಿಂದ ಸ್ವಲ್ಪವೇ ಮುಂದಕ್ಕೆ ತೂಕ ಬರುವಂತೆ ಸೂಚಿಸಬೇಕು. ನಾಲ್ಕು ಚಕ್ರಗಳ ಟ್ರೇಲರ್‌ನಲ್ಲಿ ಮುಂದಿನ ಅಚ್ಚು ಭಾರವನ್ನು ಹೊರುವುದರಿಂದ ಕೊಂಡಿಯ ಮೇಲೆ ನೇರ ಭಾರ ಹೆಚ್ಚು ಬೀಳುವುದಿಲ್ಲ; ಆದರೆ ಅಲ್ಲಿ ತಿರುಗು ಚಕ್ರದ ಬೋಲ್ಟುಗಳನ್ನು ಆಗಾಗ ಬಿಗಿಮಾಡುವುದು ಅವಶ್ಯ.

ರಸ್ತೆಗೆ ಇಳಿಯುವ ಮುನ್ನ ಟ್ರ್ಯಾಕ್ಟರ್‌ನ ಎಡ ಮತ್ತು ಬಲ ಬ್ರೇಕ್ ಪೆಡಲ್‌ಗಳನ್ನು ಪಟ್ಟಿಯಿಂದ ಒಂದಾಗಿ ಕೂಡಿಸುವುದನ್ನು ಚಾಲಕರು ಮರೆಯಬಾರದು. ಹೊಲದಲ್ಲಿ ತಿರುವು ಪಡೆಯಲು ಬೇರೆ ಬೇರೆಯಾಗಿ ಬಳಸುವ ಈ ಪೆಡಲ್‌ಗಳಲ್ಲಿ ಒಂದನ್ನು ಮಾತ್ರ ರಸ್ತೆಯಲ್ಲಿ ತುಳಿದರೆ ಟ್ರ್ಯಾಕ್ಟರ್ ಒಂದು ಬದಿಗೆ ಎಳೆಯುತ್ತದೆ, ಹಿಂದಿನಿಂದ ಟ್ರೇಲರ್ ತಳ್ಳುತ್ತದೆ, ಎರಡೂ ಕತ್ತರಿಯಂತೆ ಮಡಚಿಕೊಳ್ಳುತ್ತವೆ.

ವಿದ್ಯುತ್ ಜೋಡಣೆ: ಏಳು ಪಿನ್ನುಗಳ ಸಾಕೆಟ್

ಟ್ರೇಲರ್‌ನ ಹಿಂದೀಪ, ಬ್ರೇಕ್ ದೀಪ ಮತ್ತು ತಿರುವು ಸೂಚಕಗಳಿಗೆ ವಿದ್ಯುತ್ ಒದಗಿಸಲು ಏಳು ಪಿನ್ನುಗಳ ಸಾಕೆಟ್ ಬಳಕೆಯಲ್ಲಿದೆ. 12 ವೋಲ್ಟ್ ವಾಹನಗಳಿಗೆ ಐಎಸ್‌ಒ 1724 ಎಂಬ ಅಂತರರಾಷ್ಟ್ರೀಯ ಮಾನದಂಡವು ಪಿನ್ನುಗಳ ಕ್ರಮವನ್ನು ಹೀಗೆ ನಿಗದಿಪಡಿಸಿದೆ:

ಪಿನ್ 1: ಎಡ ತಿರುವು ಸೂಚಕ, ಹಳದಿ ತಂತಿ.
ಪಿನ್ 2: ಹಿಂದಿನ ಮಂಜು ದೀಪ, ನೀಲಿ ತಂತಿ.
ಪಿನ್ 3: ಅರ್ತ್, ಬಿಳಿ ತಂತಿ.
ಪಿನ್ 4: ಬಲ ತಿರುವು ಸೂಚಕ, ಹಸಿರು ತಂತಿ.
ಪಿನ್ 5: ಬಲ ಹಿಂದೀಪ, ಕಂದು ತಂತಿ.
ಪಿನ್ 6: ಬ್ರೇಕ್ ದೀಪ, ಕೆಂಪು ತಂತಿ.
ಪಿನ್ 7: ಎಡ ಹಿಂದೀಪ, ಕಪ್ಪು ತಂತಿ.

ಈ ಪಟ್ಟಿಯನ್ನು ವರ್ಕ್‌ಶಾಪ್‌ನ ಗೋಡೆಯ ಮೇಲೆ ಬರೆದಿಡುವುದು ಉಪಯುಕ್ತ. ಸುಗ್ಗಿಯಲ್ಲಿ ಒಬ್ಬರ ಟ್ರೇಲರ್ ಮತ್ತೊಬ್ಬರ ಟ್ರ್ಯಾಕ್ಟರ್‌ಗೆ ಕೂಡುವುದು ಸಾಮಾನ್ಯ. ಎಲ್ಲ ವರ್ಕ್‌ಶಾಪ್‌ಗಳೂ ಒಂದೇ ಕ್ರಮವನ್ನು ಅನುಸರಿಸಿದಲ್ಲಿ ಯಾವ ಟ್ರೇಲರ್ ಯಾವ ಟ್ರ್ಯಾಕ್ಟರ್‌ಗೆ ಕೂಡಿದರೂ ದೀಪಗಳು ಸರಿಯಾಗಿ ಉರಿಯುತ್ತವೆ. ಆದರೆ ಹಳೆಯ ಟ್ರೇಲರ್‌ಗಳಲ್ಲಿ ಸಿಕ್ಕಿದ ಬಣ್ಣದ ತಂತಿ ಬಳಸಿರುವುದುಂಟು. ಆದ್ದರಿಂದ ಬಣ್ಣವನ್ನು ನಂಬದೆ ಪರೀಕ್ಷಾ ದೀಪದಿಂದ ಒಂದೊಂದೇ ಪಿನ್ನನ್ನು ಪರಿಶೀಲಿಸಬೇಕು.

ಮಂದ ಬೆಳಕಿಗೆ ಕಾರಣ ತೆಳು ತಂತಿ

ದೀಪವಿದ್ದೂ ಬೆಳಕು ಸಾಲದೆಂಬ ದೂರು ಬಹಳ. ಇದಕ್ಕೆ ಬಲ್ಬಿನ ದೋಷಕ್ಕಿಂತ ತಂತಿಯ ದಪ್ಪವೇ ಹೆಚ್ಚು ಕಾರಣ. ತಲಾ 21 ವಾಟ್‌ನ ಎರಡು ಬ್ರೇಕ್ ಬಲ್ಬುಗಳು 12 ವೋಲ್ಟ್‌ನಲ್ಲಿ 3.5 ಆಂಪಿಯರ್ ವಿದ್ಯುತ್ತನ್ನು ಸೆಳೆಯುತ್ತವೆ. ಟ್ರ್ಯಾಕ್ಟರ್‌ನಿಂದ ಟ್ರೇಲರ್‌ನ ಹಿಂತುದಿಗೆ 7 ಮೀಟರ್ ಎಂದರೆ ಹೋಗಿಬರುವ ಒಟ್ಟು ದೂರ 14 ಮೀಟರ್. ಅರ್ಧ ಚದರ ಮಿಲಿಮೀಟರ್‌ನ ತೆಳು ತಾಮ್ರದ ತಂತಿಯಾದರೆ ದಾರಿಯಲ್ಲೇ ಸುಮಾರು 1.7 ವೋಲ್ಟ್ ನಷ್ಟವಾಗುತ್ತದೆ. ತಂತುವಿನ ಬಲ್ಬಿನ ಬೆಳಕು ವೋಲ್ಟೇಜ್‌ಗಿಂತ ಬಹಳ ಬೇಗ ಕುಸಿಯುವುದರಿಂದ ಇಷ್ಟು ನಷ್ಟಕ್ಕೆ ಬೆಳಕಿನಲ್ಲಿ ಸುಮಾರು ಶೇ 40ರಷ್ಟು ಕಡಿತವಾಗುತ್ತದೆ. ಒಂದೂವರೆ ಚದರ ಮಿಲಿಮೀಟರ್‌ನ ತಂತಿ ಬಳಸಿದರೆ ವೋಲ್ಟ್ ನಷ್ಟ ಮೂರನೆಯ ಒಂದಕ್ಕೆ ಇಳಿಯುತ್ತದೆ. ಎಲ್ಲ ದೀಪಗಳ ವಿದ್ಯುತ್ತೂ ಒಟ್ಟಾಗಿ ಮರಳುವ ಅರ್ತ್ ತಂತಿ ಮಾತ್ರ ಎರಡೂವರೆ ಚದರ ಮಿಲಿಮೀಟರ್‌ನದಾಗಿದ್ದರೆ ಉತ್ತಮ.

ಇನ್ನೊಂದು ಕಾರಣವೂ ಉಂಟು. ಲಾರಿಗಳಲ್ಲಿ ಹೆಚ್ಚಾಗಿ 24 ವೋಲ್ಟ್ ವ್ಯವಸ್ಥೆಯಿದ್ದು, ಲಾರಿ ಬಿಡಿಭಾಗದ ಅಂಗಡಿಯಿಂದ ತಂದ 24 ವೋಲ್ಟ್ ಬಲ್ಬು ಟ್ರ್ಯಾಕ್ಟರ್‌ನ 12 ವೋಲ್ಟ್‌ನಲ್ಲಿ ಮಿಣುಕುತ್ತದೆಯೇ ಹೊರತು ಬೆಳಗುವುದಿಲ್ಲ. ಬಲ್ಬಿನ ಬುಡದ ಮೇಲಿರುವ ಅಂಕಿಯನ್ನು ಓದಿ ಕೊಳ್ಳತಕ್ಕದ್ದು.

ಅರ್ತ್ ತಂತಿಯನ್ನು ಉಳಿಸಬಾರದು

ಒಂದು ತಂತಿಯ ಖರ್ಚು ಉಳಿಸಲು ಅರ್ತ್ ತಂತಿಯನ್ನು ಬಿಟ್ಟು, ಕೊಂಡಿಯ ಕಬ್ಬಿಣದ ಮೂಲಕವೇ ವಿದ್ಯುತ್ ಮರಳಲಿ ಎಂದು ಬಿಡುವ ಪದ್ಧತಿ ಕೆಲವೆಡೆ ಇದೆ. ಕೊಂಡಿಯಲ್ಲಿ ತುಕ್ಕು, ಗ್ರೀಸ್ ಮತ್ತು ಧೂಳು ಇರುತ್ತವೆ. ಚಕ್ರ ಉರುಳಿದಂತೆ ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ. ಆಗ ವಿದ್ಯುತ್ತು ಬೇರೆ ದೀಪದ ತಂತುವಿನ ಮೂಲಕ ದಾರಿ ಹುಡುಕುತ್ತದೆ. ಬ್ರೇಕ್ ತುಳಿದರೆ ಹಿಂದೀಪ ಆರುವುದು, ಎಡ ಸೂಚಕ ಹಾಕಿದರೆ ಹಿಂದೀಪಗಳೆಲ್ಲ ಮಿಟುಕುವುದು ಅರ್ತ್ ದೋಷದ ಖಚಿತ ಲಕ್ಷಣಗಳು. ಇಂತಹ ಟ್ರೇಲರ್ ದುರಸ್ತಿಗೆ ಬಂದಾಗ ಬಲ್ಬು ಬದಲಿಸುವ ಮೊದಲು 3ನೆಯ ಪಿನ್ನಿನ ಬಿಳಿ ತಂತಿಯನ್ನು ನೋಡಬೇಕು.

ಟ್ರೇಲರ್ ಸರ್ಕ್ಯೂಟ್‌ಗೆ ಬ್ಯಾಟರಿಯ ಸಮೀಪದಲ್ಲೇ ಪ್ರತ್ಯೇಕ ಫ್ಯೂಸ್ ಇರಬೇಕು. ಇಲ್ಲದಿದ್ದಲ್ಲಿ, ಚಾಸಿಗೆ ಉಜ್ಜಿ ಸಿಪ್ಪೆ ಸುಲಿದ ತಂತಿಯೊಂದು ಹತ್ತಿಯ ಅಥವಾ ಒಣ ಹುಲ್ಲಿನ ಹೇರಿಗೆ ಬೆಂಕಿ ತಗುಲಿಸಬಲ್ಲದು. ತಂತಿಯನ್ನು ಪೈಪಿನೊಳಗೆ ಹಾಯಿಸಿ, ಕೊಂಡಿಯ ಬಳಿ ಪೂರ್ಣ ತಿರುವಿಗೆ ಸಾಕಾಗುವಷ್ಟು ಸಡಿಲ ಬಿಡಬೇಕು. ಆದರೆ ಅದು ನೆಲಕ್ಕೆ ತಾಗಬಾರದು. ಹಳೆಯ ಟ್ರ್ಯಾಕ್ಟರ್‌ಗಳ ಫ್ಲಾಷರ್ ಎರಡು ಬಲ್ಬುಗಳಿಗೆ ಹೊಂದಿಸಿದ್ದು, ಟ್ರೇಲರ್‌ನ ಮೂರನೆಯ ಬಲ್ಬು ಸೇರಿದಾಗ ಮಿಟುಕುವ ವೇಗ ಏರುಪೇರಾಗಬಹುದು. ಹೆಚ್ಚಿನ ಭಾರಕ್ಕೆ ತಕ್ಕ ಫ್ಲಾಷರ್ ಹಾಕುವುದೇ ಇದಕ್ಕೆ ಪರಿಹಾರ.

ಬ್ಯಾಟರಿ ಬೇಡದ ಬೆಳಕು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 105ನೆಯ ನಿಯಮದಂತೆ ಸೂರ್ಯಾಸ್ತದ ಅರ್ಧ ಗಂಟೆಯ ನಂತರದಿಂದ ಸೂರ್ಯೋದಯದ ಅರ್ಧ ಗಂಟೆ ಮುಂಚಿನವರೆಗೆ ದೀಪಗಳು ಉರಿಯುತ್ತಿರಬೇಕು; ಹಿಂದಿನ ಕೆಂಪು ದೀಪ 155 ಮೀಟರ್ ದೂರಕ್ಕೆ ಕಾಣುವಂತಿರಬೇಕು. ಈ ಅಂತರದ ಅರ್ಥ ಹೀಗಿದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಸವಾರನಿಗೆ, ಅಡ್ಡಿಯನ್ನು ಗುರುತಿಸಲು ಎರಡು ಸೆಕೆಂಡು ಹಿಡಿದರೆ, ಒಣ ರಸ್ತೆಯಲ್ಲಿ ನಿಲ್ಲಲು ಒಟ್ಟು ಸುಮಾರು 60 ಮೀಟರ್ ಬೇಕು. 80 ಕಿಲೋಮೀಟರ್ ವೇಗವಾದರೆ 90 ಮೀಟರಿಗೂ ಹೆಚ್ಚು. ದೀಪವಿರುವ ಟ್ರೇಲರ್ ಆತನಿಗೆ ಸಾಕಷ್ಟು ಮುಂಚಿತವಾಗಿ ಕಾಣುತ್ತದೆ. ಕೆಸರು ಮೆತ್ತಿದ, ದೀಪವಿಲ್ಲದ ಟ್ರೇಲರ್ ತಗ್ಗಿಸಿದ ಹೆಡ್‌ಲೈಟಿನಲ್ಲಿ ಕಾಣುವ ವೇಳೆಗೆ ನಿಲ್ಲುವ ಅಂತರ ಮುಗಿದಿರುತ್ತದೆ.

ಟ್ರೇಲರ್ ಕೆಟ್ಟು ನಿಂತು, ಟ್ರ್ಯಾಕ್ಟರನ್ನು ಬಿಚ್ಚಿಕೊಂಡು ಹೋದಾಗ ಅತಿ ಹೆಚ್ಚಿನ ಅಪಾಯವಿದೆ. ಆಗ ಎಷ್ಟೇ ಉತ್ತಮ ದೀಪವಿದ್ದರೂ ವಿದ್ಯುತ್ತಿಲ್ಲ. ಆ ಹೊತ್ತಿಗೆ ಕೆಲಸ ಮಾಡುವುದು ಪ್ರತಿಫಲಕಗಳು ಮಾತ್ರ. ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು ಎಂಬ ಕ್ರಮದಲ್ಲಿ ಪ್ರತಿಫಲನ ಪಟ್ಟಿಗಳನ್ನು ಅಂಟಿಸಬೇಕು. ಹಿಂಬದಿಯ ಎರಡೂ ಅಂಚುಗಳಲ್ಲಿ ಕೆಂಪು ಪ್ರತಿಫಲಕಗಳಿರಬೇಕು. ಅಂಚಿನಲ್ಲಿದ್ದರೆ ಮಾತ್ರ ಹಿಂದಿನವರಿಗೆ ಟ್ರೇಲರ್‌ನ ಅಗಲ ತಿಳಿಯುತ್ತದೆ. ನಿಧಾನವಾಗಿ ಚಲಿಸುವ ವಾಹನವನ್ನು ಗುರುತಿಸಲು ಅಮೆರಿಕದ ಓಹಿಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲಿ ರೂಪಿಸಿದ, ಕೆಂಪು ಅಂಚಿನ ಕಿತ್ತಳೆ ತ್ರಿಕೋನ ಫಲಕವು ಹಲವು ದೇಶಗಳಲ್ಲಿ ರೂಢಿಗೆ ಬಂದಿದೆ. ಅದು ಹಗಲಿನಲ್ಲಿಯೂ ಎದ್ದು ಕಾಣುತ್ತದೆ.

ದೀಪ ಮತ್ತು ಪ್ರತಿಫಲಕಗಳ ಸ್ಥಾನವನ್ನು ಸರಕಿಗೆ ತಕ್ಕಂತೆ ಯೋಚಿಸಬೇಕು. ಹಿಂಬಾಗಿಲು ಕೆಳಗಿಳಿಸಿ ಸಾಗುವಾಗ ಅದರ ಹಿಂದೆ ದೀಪ ಮರೆಯಾಗುತ್ತದೆ. ಹತ್ತಿ ಮತ್ತು ಭತ್ತದ ಹುಲ್ಲಿನ ಹೇರು ಹಿಂದಕ್ಕೆ ಜೋತುಬಿದ್ದು ಎಲ್ಲವನ್ನೂ ಮುಚ್ಚುತ್ತದೆ. ಅಂತಹ ಹೇರಿಗೆ ತುದಿಯಲ್ಲಿ ಸಿಕ್ಕಿಸಬಹುದಾದ ಬಿಡಿ ದೀಪದ ಹಲಗೆಯನ್ನು ತಯಾರಿಸಿ ಕೊಡುವುದು ಸ್ಥಳೀಯ ವರ್ಕ್‌ಶಾಪ್‌ಗಳಿಗೆ ಹೊಸ ಉತ್ಪನ್ನವೂ ಆಗಬಲ್ಲದು.

ಜೀಪು, ಪಿಕಪ್ ಮತ್ತು ಕಾರುಗಳಿಗೆ

ಜನರೇಟರ್, ಕಂಪ್ರೆಸರ್ ಮುಂತಾದವುಗಳನ್ನು ಎಳೆಯಲು ಜೀಪು ಅಥವಾ ಪಿಕಪ್ ಬಳಸುವ ಉದ್ಯಮಿಗಳಿಗೂ ಮೇಲಿನ ತತ್ವಗಳೇ ಅನ್ವಯಿಸುತ್ತವೆ. ಕೊಂಡಿಯನ್ನು ಬಂಪರ್‌ಗೆ ಕಟ್ಟದೆ, ತಯಾರಕರು ಸೂಚಿಸಿದ ಚಾಸಿಯ ಬಿಂದುಗಳಿಗೆ ಬೋಲ್ಟ್ ಮಾಡಬೇಕು. ಕೈಪಿಡಿಯಲ್ಲಿ ಎಳೆಯುವ ಮಿತಿಯನ್ನು ಹೇಳಿರದ ವಾಹನದಿಂದ ಎಳೆಯಬಾರದು. ಇತ್ತೀಚಿನ ವಾಹನಗಳಲ್ಲಿ ದೀಪಗಳನ್ನು ಕಂಪ್ಯೂಟರ್ ನಿಯಂತ್ರಿಸುವುದರಿಂದ ಹಿಂದೀಪದ ತಂತಿಗೆ ನೇರವಾಗಿ ಜೋಡಣೆ ಕೊಟ್ಟರೆ ದೋಷಸೂಚನೆ ಬರಬಹುದು, ನಿಯಂತ್ರಕವೇ ಕೆಡಬಹುದು. ವಾಹನದ ದೀಪದಿಂದ ಕೇವಲ ಸಂಕೇತವನ್ನು ಪಡೆದು, ಬ್ಯಾಟರಿಯಿಂದ ಫ್ಯೂಸ್ ಮೂಲಕ ಶಕ್ತಿಯನ್ನು ಕೊಡುವ ರಿಲೇ ಪೆಟ್ಟಿಗೆಯನ್ನು ಅಳವಡಿಸುವುದು ಸರಿಯಾದ ಮಾರ್ಗ. ನೋಂದಣಿ ಪತ್ರದಲ್ಲಿನ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನಗಳ ಕಾಯಿದೆ, 1988ರ 52ನೆಯ ಕಲಂ ನಿರ್ಬಂಧಿಸುತ್ತದೆ ಎಂಬುದೂ ನೆನಪಿರಬೇಕು.

ಕಾಗದಪತ್ರದ ಕೊಂಡಿ

ಅದೇ ಕಾಯಿದೆಯಲ್ಲಿ ಟ್ರ್ಯಾಕ್ಟರ್‌ಗೂ ಟ್ರೇಲರ್‌ಗೂ ಪ್ರತ್ಯೇಕ ವ್ಯಾಖ್ಯೆಗಳಿವೆ. ಟ್ರ್ಯಾಕ್ಟರ್ ಸ್ವತಃ ಸರಕು ಹೊರುವ ವಾಹನವಲ್ಲ. ಟ್ರೇಲರ್ ಎಳೆಯಲ್ಪಡುವ ವಾಹನ. ಟ್ರೇಲರ್‌ಗೆ ತನ್ನದೇ ನೋಂದಣಿ ಇರಬೇಕು, ಅದರ ಸಂಖ್ಯೆ ಬದಿಯಲ್ಲಿ ಕಾಣಬೇಕು. ಎಳೆಯುವ ಟ್ರ್ಯಾಕ್ಟರ್‌ನ ಸಂಖ್ಯೆಯನ್ನೂ ಟ್ರೇಲರ್‌ನ ಮೇಲೆ ಪ್ರದರ್ಶಿಸಬೇಕೆಂದು 61ನೆಯ ಕಲಂ ಹೇಳುತ್ತದೆ. ವಿಮಾ ಪಾಲಿಸಿಯಲ್ಲಿ ಟ್ರ್ಯಾಕ್ಟರ್‌ನೊಂದಿಗೆ ಟ್ರೇಲರ್‌ನ ಉಲ್ಲೇಖವೂ ಇದೆಯೇ ಎಂದು ನೋಡಿಕೊಳ್ಳುವುದು ಮಾಲೀಕರ ಹಿತಕ್ಕೆ ಅಗತ್ಯ.

ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ಎರಡು ಪ್ರಕರಣಗಳು ಇಲ್ಲಿ ಉಲ್ಲೇಖಾರ್ಹ. 2001ರಲ್ಲಿ ತೀರ್ಮಾನವಾದ ಒಂದರಲ್ಲಿ, ಟ್ರ್ಯಾಕ್ಟರ್ ಓಡಿಸಲು ಸಿಂಧುವಾದ ಪರವಾನಗಿಯುಳ್ಳ ಚಾಲಕನು, ಅದಕ್ಕೆ ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲವೆಂದು ನ್ಯಾಯಾಲಯ ಹೇಳಿತು. 2005ರಲ್ಲಿ ನಟವರ್ ಪಾರೀಖ್ ಕಂಪನಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ, ಸರಕು ಸಾಗಿಸುವ ಟ್ರ್ಯಾಕ್ಟರ್-ಟ್ರೇಲರ್ ಜೋಡಿಯು ಕಾಯಿದೆಯ ಅರ್ಥದಲ್ಲಿ ಸರಕು ಸಾಗಣೆ ವಾಹನವೇ ಆಗುತ್ತದೆಂದು ತೀರ್ಪಿತ್ತಿತು. ಎರಡನ್ನೂ ಒಟ್ಟಿಗೆ ಓದಿದರೆ ವರ್ತಕರಿಗೆ ದೊರೆಯುವ ತಿಳಿವಳಿಕೆ ಸ್ಪಷ್ಟವಾಗಿದೆ. ಚಾಲಕನ ಪರವಾನಗಿಯ ವಿಷಯದಲ್ಲಿ ಒಂದಷ್ಟು ನೆಮ್ಮದಿಯಿದೆ. ಆದರೆ ಕೃಷಿ ಕೆಲಸಕ್ಕೆಂದು ನೋಂದಾಯಿತವಾದ ಜೋಡಿಯನ್ನು ಸಿಮೆಂಟ್, ಕಬ್ಬಿಣ ಮುಂತಾದ ಸರಕಿನ ಬಾಡಿಗೆ ಸಾಗಣೆಗೆ ಬಳಸಿದರೆ ಪರ್ಮಿಟ್, ತೆರಿಗೆ ಮತ್ತು ವಿಮೆಯ ಪ್ರಶ್ನೆಗಳು ಏಳುತ್ತವೆ. ಅಪಘಾತವಾದ ಮೇಲೆ ಆ ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಬಹಳ ದುಬಾರಿಯಾದ ಕೆಲಸ. ಸರಕಿನ ಮೇಲೆ ಕೂಲಿಕಾರರನ್ನು ಕೂರಿಸಿಕೊಂಡು ಹೋಗುವುದಂತೂ ಜೀವಕ್ಕೂ ವಿಮೆಗೂ ಏಕಕಾಲದಲ್ಲಿ ಅಪಾಯ ತರುವಂಥದು.

ಗಿರಣಿಯ ಬಾಗಿಲಿನಲ್ಲೇ ತಪಾಸಣೆ

ತೂಕದ ಸೇತುವೆಯ ಮೇಲೆ ಪ್ರತಿಯೊಂದು ಟ್ರೇಲರ್ ಕೆಲವು ನಿಮಿಷ ನಿಲ್ಲಲೇಬೇಕು. ಆ ನಿಮಿಷಗಳನ್ನು ಈ ಕೆಳಗಿನ ಐದು ಅಂಶಗಳಿಗೆ ಉಪಯೋಗಿಸಬಹುದು:

1. ಪಿನ್ನು ಸರಿಯಾದ ಅಳತೆಯದೇ, ಕೆಳಗೆ ಬೀಗದ ಕ್ಲಿಪ್ ಇದೆಯೇ.
2. ಸುರಕ್ಷಾ ಸರಪಳಿಗಳು ಜೋಡಣೆಯಾಗಿವೆಯೇ.
3. ಹಿಂದೀಪ, ಬ್ರೇಕ್ ದೀಪ, ಸೂಚಕಗಳು ಸರಿಯಾಗಿ ಉರಿಯುತ್ತವೆಯೇ.
4. ಪ್ರತಿಫಲಕಗಳು ಕೆಸರಿಲ್ಲದೆ, ಸರಕಿನ ಮರೆಯಿಲ್ಲದೆ ಕಾಣುತ್ತವೆಯೇ.
5. ಟ್ರ್ಯಾಕ್ಟರ್ ಮತ್ತು ಟ್ರೇಲರ್ ಎರಡರ ನೋಂದಣಿ ಹಾಗೂ ವಿಮೆ ಚಾಲ್ತಿಯಲ್ಲಿವೆಯೇ.

ವರ್ಕ್‌ಶಾಪ್ ಮಾಲೀಕರು ತಮ್ಮ ಕಡೆಯಿಂದ, ಟ್ರೇಲರ್ ಒಪ್ಪಿಸುವಾಗ ಪಿನ್ನಿನ ವ್ಯಾಸ, ತಂತಿಯ ಅಳತೆ ಮತ್ತು ದೀಪ ಪರೀಕ್ಷಿಸಿದ ದಿನಾಂಕವನ್ನು ಬರೆದ ಒಂದು ಚೀಟಿಯನ್ನು ಗ್ರಾಹಕರಿಗೆ ಕೊಡಬಹುದು. ಇದರಿಂದ ದುರಸ್ತಿ ಸುಲಭವಾಗುವುದಲ್ಲದೆ ವರ್ಕ್‌ಶಾಪ್‌ನ ಹೆಸರೂ ಬೆಳೆಯುತ್ತದೆ.

ಪಿನ್ನು, ಸರಪಳಿ, ಏಳು ಪಿನ್ನಿನ ಸಾಕೆಟ್, ಯೋಗ್ಯ ತಂತಿ, ಎರಡು ದೀಪ ಮತ್ತು ಪ್ರತಿಫಲನ ಪಟ್ಟಿ, ಇವೆಲ್ಲವುಗಳ ಒಟ್ಟು ವೆಚ್ಚವನ್ನು ಒಂದು ಹೇರು ಭತ್ತದ ಬೆಲೆಯೊಂದಿಗೆ ಹೋಲಿಸಿ ನೋಡಿದರೆ ಅದು ಅಲ್ಪವೇ ಸರಿ. ಸುಗ್ಗಿ ಆರಂಭವಾದ ಮೇಲೆ ಯಾರಿಗೂ ಬಿಡುವಿರುವುದಿಲ್ಲ. ಕೊಯ್ಲಿಗೆ ಮುಂಚಿನ ವಾರಗಳಲ್ಲಿ ಟ್ರೇಲರ್‌ಗಳು ಮರದ ನೆರಳಿನಲ್ಲಿ ಖಾಲಿ ನಿಂತಿರುವಾಗಲೇ ಈ ಕೆಲಸವನ್ನು ಮುಗಿಸಿಕೊಳ್ಳುವುದು ವಿವೇಕದ ಮಾತು.